ಮಂಡಿಯೂರುವ ಗಾಡಿಯ ಖರ್ಚು

ನಮ್ಮ ಯಜಮಾನರು ಆ ದಿನ ಮೈಸೂರಿಗೆ ಹೋಗಿದ್ದು ಬಾಳೆಗೊನೆ ಸಾಗಿಸಲು ಒಂದು ಹಳೆಯ ಗೂಡ್ಸ್ ಆಟೋ ನೋಡಿಕೊಂಡು ಬರಲು. ಸಂಜೆ ಮನೆ ಮುಂದೆ ಬಂದು ನಿಂತದ್ದು ನಮ್ಮ ಅಡುಗೆಮನೆಯಷ್ಟು ದೊಡ್ಡದಾದ ಕಪ್ಪು ಫಾರಿನ್ ಗಾಡಿ. ಅದರೊಳಗಿಂದ ಇವರು ಮದುವೆ ಗಂಡಿನ ಹಾಗೆ ಇಳಿದರು. ನಾನು ಕೈಯಲ್ಲಿದ್ದ ಮೊರವನ್ನು ಹಾಗೇ ಹಿಡಿದುಕೊಂಡು ಹೊರಗೆ ಬಂದು, ಇದರಲ್ಲಿ ಗೊನೆ ಎಲ್ಲಿ ಇಡುತ್ತೀರಿ ಎಂದು ಕೇಳಿದೆ. ಹಿಂದಿನ ಸೀಟು ಮಡಚುತ್ತದೆ ಎಂದರು.

ಅವರ ಲೆಕ್ಕ ಇಷ್ಟೇ. ಹೊಸದಿದ್ದಾಗ ಇದಕ್ಕೆ ಒಂದು ತೋಟದ ಬೆಲೆ. ಈಗ ವಯಸ್ಸಾಗಿದೆ, ಒಂದು ಹೊಸ ಸಣ್ಣ ಕಾರಿನ ಬೆಲೆಗೇ ಸಿಕ್ಕಿದೆ. ಇಂಥ ಗಾಡಿಯನ್ನು ಆ ಬೆಲೆಗೆ ಬಿಟ್ಟು ಬರುವವನು ದಡ್ಡನಲ್ಲವೇ? ನಾನು ನಂಜನಗೂಡು ಪೇಟೆಯಲ್ಲಿ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುವವಳು. ಯಾವುದು ಅಗ್ಗ, ಯಾವುದು ದುಬಾರಿ ಎಂದು ದಿನವಿಡೀ ಜನರಿಗೆ ಹೇಳಿ ಹೇಳಿ ನನಗೆ ನಾಲಿಗೆ ಸ್ವಲ್ಪ ಚುರುಕು. ಗಾಡಿಗೆ ವಯಸ್ಸಾದರೆ ಗಾಡಿಯ ಬೆಲೆ ಇಳಿಯುತ್ತದೆ, ಅದರ ಸಾಮಾನಿನ ಬೆಲೆ ಇಳಿಯುವುದಿಲ್ಲ ಎಂದು ಅವತ್ತೇ ಹೇಳಿದೆ. ನನ್ನ ಮಾತನ್ನು ಯಾರು ಕೇಳುತ್ತಾರೆ? ಊರಿನವರೆಲ್ಲ ಬಂದು ಬಾನೆಟ್ ಮುಟ್ಟಿ ನೋಡುತ್ತಿದ್ದರು.

ನಮ್ಮೂರು ನಂಜನಗೂಡಿನಿಂದ ದೇವನೂರಿನ ಕಡೆಗೆ ಹೋಗುವ ದಾರಿಯಲ್ಲಿದೆ. ಬಾಳೆ, ಭತ್ತ, ಆರು ಹಸು, ಇದಿಷ್ಟು ನಮ್ಮ ಬದುಕು. ಗಾಡಿ ನಿಲ್ಲಿಸಲು ಬೇರೆ ಜಾಗವಿಲ್ಲದ್ದರಿಂದ ಅದಕ್ಕೆ ಕೊಟ್ಟಿಗೆಯ ಪಕ್ಕದ ಹುಲ್ಲಿನ ಶೆಡ್ಡೇ ಮನೆಯಾಯಿತು. ಬೆಳಿಗ್ಗೆ ಹಾಲು ಕರೆಯುವಾಗ ಒಂದು ಕಡೆ ಹಸುಗಳು, ಇನ್ನೊಂದು ಕಡೆ ಚರ್ಮದ ಸೀಟಿನ ಫಾರಿನ್ ಗಾಡಿ. ತಿನ್ನುವುದರಲ್ಲಿ ಮಾತ್ರ ಗಾಡಿಯೇ ಮುಂದು.

ಲೀಟರಿಗೆ ಆರೇಳು ಕಿಲೋಮೀಟರ್ ಓಡುತ್ತಿತ್ತು. ಪೆಟ್ರೋಲ್ ಬಂಕಿನ ಹುಡುಗರು ಇವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಪಂಚರ್ ಅಂಗಡಿಯವನು ಆ ಟೈರನ್ನು ಮುಟ್ಟಲು ಹೆದರಿ ಮೈಸೂರಿಗೆ ಕಳಿಸಿದ. ಚಾವಣಿಯ ಗಾಜಿನ ಕಿಟಕಿ ಸೋರಿ ಮೊದಲ ಮಳೆಗೇ ನನ್ನ ರೇಷ್ಮೆ ಸೀರೆ ಹಾಳಾಯಿತು. ಡ್ಯಾಶ್‌ಬೋರ್ಡಿನಲ್ಲಿ ದಸರಾ ದೀಪಾಲಂಕಾರದಂತೆ ಯಾವಾಗಲೂ ನಾಲ್ಕೈದು ದೀಪಗಳು ಉರಿಯುತ್ತಿದ್ದವು. ಹಳದಿ ದೀಪಕ್ಕೆ ಹೆದರಬಾರದು, ಕೆಂಪು ಬಂದರೆ ಮಾತ್ರ ನೋಡಿಕೊಳ್ಳಬೇಕು ಎಂದು ಇವರು ನನಗೆ ಧೈರ್ಯ ಹೇಳುತ್ತಿದ್ದರು.

ಇನ್ನು ಮೈಸೂರಿನ ಆ ಮೆಕ್ಯಾನಿಕ್. ಒಳ್ಳೆಯ ಮನುಷ್ಯ, ಮಾತುಗಾರ. ಫೋನಿನಲ್ಲಿ ಮಾತ್ರ ಎಂದೂ ಖರ್ಚು ಎಷ್ಟೆಂದು ಹೇಳಿದವನಲ್ಲ. "ಬನ್ನಿ ಸಾ, ಕೂತು ಮಾತಾಡಣ" ಎನ್ನುತ್ತಿದ್ದ. ನಾಲ್ಕಾರು ಸಲ ಹೋದ ಮೇಲೆ ನಮಗೆ ಅವನ ಪದ್ಧತಿ ಅರ್ಥವಾಯಿತು. ಸಣ್ಣ ಕೆಲಸವಾದರೆ ನೀರೂ ಕೇಳುವುದಿಲ್ಲ. ಕಾಫಿ ತರಿಸಿದರೆ ಬಿಲ್ಲು ಸ್ವಲ್ಪ ದೊಡ್ಡದು. ಕಾಫಿಯ ಜೊತೆ ಬಿಸಿ ಬೋಂಡಾ ಬಂದರೆ ಸಾಮಾನು ಮುಂಬೈನಿಂದ ಬರಬೇಕು ಎಂದರ್ಥ. ಹೀಗಾಗಿ ಇವರು ಮೈಸೂರಿಗೆ ಹೋದ ದಿನ ನಾನು ಫೋನ್ ಮಾಡಿ, ಏನು ಕೊಟ್ಟ ಎಂದಷ್ಟೇ ಕೇಳುತ್ತಿದ್ದೆ.

ನಮ್ಮ ಅತ್ತೆಯ ಲೆಕ್ಕ ಇನ್ನೂ ನೇರ. ಅವರಿಗೆ ಸಾವಿರ, ಲಕ್ಷ ಹೇಳಿದರೆ ತಲೆಗೆ ಹೋಗುವುದಿಲ್ಲ. ಮಗ ಗ್ಯಾರೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ, "ಈ ಸಲ ಎಷ್ಟ್ ಅಸ ಆಯ್ತು ಮಗ?" ಎಂದು ಕೇಳುತ್ತಿದ್ದರು. ಬ್ಯಾಟರಿಗೆ ಒಂದು ಕರು, ಟೈರುಗಳಿಗೆ ಎರಡು ಹಸು, ಕಳೆದುಹೋದ ಕೀಗೆ ಒಂದು ಗಬ್ಬದ ಹಸು. ಹೀಗೆ ನಮ್ಮ ಗಾಡಿ ಎರಡು ವರ್ಷದಲ್ಲಿ ಒಂದು ಕೊಟ್ಟಿಗೆಯನ್ನೇ ನುಂಗಿತ್ತು. ಮಾರಿಬಿಡಿ ಎಂದು ನಾನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದೆ. ಅತ್ತೆಯೂ ನನ್ನ ಪಕ್ಷ. ಅತ್ತೆ ಸೊಸೆ ಒಂದೇ ಮಾತು ಆಡಿದ್ದು ನಮ್ಮ ಮನೆಯಲ್ಲಿ ಆ ಒಂದು ವಿಷಯಕ್ಕೆ.

ಆಮೇಲೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಕೀಲು ಮುರಿದು, ಆಪರೇಷನ್ ಮಾಡಿ ಹೊಸ ಕೀಲು ಹಾಕಿದರು. ಮನೆಯೊಳಗೆ ಕೋಲು ಹಿಡಿದು ಓಡಾಡುವಷ್ಟು ಬೇಗನೇ ಸುಧಾರಿಸಿಕೊಂಡರು. ಆದರೆ ಡಾಕ್ಟರು ಒಂದು ಕಟ್ಟಪ್ಪಣೆ ಮಾಡಿದ್ದರು: ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ತಗ್ಗಿನ ಸೀಟಿನಲ್ಲಿ ಕೂರುವಂತಿಲ್ಲ, ಎತ್ತರಕ್ಕೆ ಕಾಲೆತ್ತಿ ಹತ್ತುವಂತಿಲ್ಲ. ಸಣ್ಣ ಕಾರಿನ ಸೀಟು ತಗ್ಗು. ಬಸ್ಸಿನ ಮೆಟ್ಟಿಲು ಎತ್ತರ. ಪಕ್ಕದ ಮನೆಯವರ ಜೀಪಿಗೆ ಸ್ಟೂಲ್ ಇಟ್ಟು ಹತ್ತಿಸಲು ನೋಡಿದೆವು. ಸ್ಟೂಲ್ ಅಲುಗಾಡಿದ್ದೇ ತಡ, ಅತ್ತೆ ನನ್ನ ಕೊರಳನ್ನು ತಬ್ಬಿಕೊಂಡು, ಇನ್ನೊಂದು ಸಲ ಈ ಕೆಲಸಕ್ಕೆ ಕರೆದರೆ ನೋಡು ಎಂದು ಬೈದರು.

ಎಲ್ಲೂ ಹೋಗದಿದ್ದರೆ ಏನಾಯಿತು ಎನ್ನಬಹುದು. ಅತ್ತೆಗೆ ಒಬ್ಬ ಅಕ್ಕ ಇದ್ದಾರೆ. ಸೋಮನಾಥಪುರದ ಹತ್ತಿರದ ಹಳ್ಳಿಯೊಂದರಲ್ಲಿ ಮಗ ಸೊಸೆಯ ಜೊತೆ ಇರುವವರು. ನಾವು ಅವರನ್ನು ದೊಡ್ಡಮ್ಮ ಎನ್ನುತ್ತೇವೆ. ಇಬ್ಬರೂ ಸೇರಿದರೆ ಮೊದಲ ಐದು ನಿಮಿಷ ಜಗಳ, ಆಮೇಲೆ ಸಂಜೆಯವರೆಗೆ ಒಂದೇ ಚಾಪೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂರುವುದು. ದೊಡ್ಡಮ್ಮನಿಗೆ ಕಿವಿ ಪೂರಾ ಮಂದ. ಹತ್ತಿರ ಕೂತು ಬಲಗಿವಿಗೆ ಬಾಯಿಟ್ಟು ಹೇಳಿದರೆ ಮಾತ್ರ ಕೇಳುತ್ತದೆ, ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ಅವರನ್ನೇ ಇಲ್ಲಿಗೆ ಕರೆತರೋಣವೆಂದರೆ ಯಾವ ಗಾಡಿ ಹತ್ತಿದರೂ ಅವರಿಗೆ ವಾಂತಿ, ನರಸೀಪುರದಿಂದ ಈಚೆಗೆ ಬಂದವರೇ ಅಲ್ಲ. ಅಂದರೆ ಅತ್ತೆ ಅಲ್ಲಿಗೆ ಹೋದರೆ ಉಂಟು, ಇಲ್ಲದಿದ್ದರೆ ಅಕ್ಕತಂಗಿಯರ ಮಾತು ಅಲ್ಲಿಗೆ ಮುಗಿಯಿತು. ಆಪರೇಷನ್ ಆಗಿ ನಾಲ್ಕು ತಿಂಗಳು ಅತ್ತೆ ಅಕ್ಕನ ಮುಖ ನೋಡಿರಲಿಲ್ಲ. ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಸಾರಿಗೆ ಉಪ್ಪು ಹೆಚ್ಚು, ಕಡಿಮೆ ಎಂದು ನನ್ನ ಮೇಲೆ ಹಾರುವುದು ಜಾಸ್ತಿಯಾಯಿತು.

ಒಂದು ಬೆಳಿಗ್ಗೆ ಇವರು ಗಾಡಿ ತೊಳೆಯುತ್ತಾ ಗೇರಿನ ಪಕ್ಕದ ಯಾವುದೋ ಸ್ವಿಚ್ ಒತ್ತಿದರು. ಗಾಡಿ ಉಸ್ಸೆಂದು ಉಸಿರು ಬಿಟ್ಟು ಇದ್ದಲ್ಲೇ ಕೆಳಗಿಳಿಯಿತು. ಇನ್ನೊಮ್ಮೆ ಒತ್ತಿದರೆ ಮೇಲೆದ್ದಿತು. ಈ ಗಾಡಿಗೆ ಸ್ಪ್ರಿಂಗ್ ಇಲ್ಲ, ಅದರ ಬದಲು ನಾಲ್ಕು ಚಕ್ರಕ್ಕೂ ಗಾಳಿ ತುಂಬಿದ ರಬ್ಬರ್ ಚೀಲಗಳಿವೆ, ಗಾಳಿ ಬಿಟ್ಟರೆ ತಗ್ಗುತ್ತದೆ ಎಂದು ನಮಗೆ ಗೊತ್ತೇ ಇರಲಿಲ್ಲ. ಜಗಲಿಯ ಮೇಲೆ ಕೂತಿದ್ದ ಅತ್ತೆ ಕೋಲೂರಿಕೊಂಡು ಬಂದರು. ಇಳಿದ ಗಾಡಿಯ ಸೀಟು ಸರಿಯಾಗಿ ಅವರ ಸೊಂಟದ ಮಟ್ಟಕ್ಕೆ ಬಂದಿತ್ತು. ಬೆನ್ನು ಕೊಟ್ಟು ನಿಂತು, ಹಾಗೇ ಕೂತು, ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿದರು. ಹೂವೆತ್ತಿದಷ್ಟು ಸಲೀಸು. ಕೂತವರು ಕೂತಲ್ಲೇ ಎದುರಿನ ಗಾಜು ನೋಡುತ್ತಾ, "ಕೋಲೆಬಸ್ವ ಮಂಡಿ ಊರ್ದಂಗೆ ಊರ್ತು ಕಣವ್ವ. ನಡೀರಿ, ಅಕ್ಕನ ಮನೆಗೆ ಓಗಣ" ಎಂದರು. ನಾನು ನೈಟಿಯಲ್ಲಿದ್ದೆ, ಇವರ ಕೈಯಲ್ಲಿ ಬಕೆಟ್ ಇತ್ತು. ಆದರೂ ಅರ್ಧ ಗಂಟೆಯಲ್ಲಿ ಹೊರಟೆವು.

ಅವತ್ತಿನಿಂದ ಗಾಡಿಯ ಹೆಸರು ಬಸವ ಆಯಿತು. ಪ್ರತಿ ತಿಂಗಳ ಎರಡನೇ ಭಾನುವಾರ ಬಸವನ ಸವಾರಿ ಸುತ್ತೂರಿನ ಮೇಲೆ ನರಸೀಪುರಕ್ಕೆ, ಸೇತುವೆ ದಾಟಿ ಸೋಮನಾಥಪುರದ ರಸ್ತೆಗೆ. ಅತ್ತೆ ಪಕ್ಷ ಬದಲಾಯಿಸಿದರು. ಮಾರಿ ಎನ್ನುವವಳು ಮನೆಯಲ್ಲಿ ನಾನೊಬ್ಬಳೇ ಉಳಿದೆ.

ಈ ಸವಾರಿಯ ಜೊತೆಗೇ ಹೊಸದೊಂದು ಪೈಪೋಟಿ ಶುರುವಾಯಿತು. ಯಾರಾದರೂ ಪಾತ್ರೆಯಲ್ಲಿ ಏನಾದರೂ ಕೊಟ್ಟರೆ ನಮ್ಮ ಕಡೆ ಆ ಪಾತ್ರೆಯನ್ನು ಖಾಲಿ ವಾಪಸ್ ಕೊಡುವಂತಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಅತ್ತೆ ಮೊದಲ ಸಲ ಒಂದು ಸ್ಟೀಲ್ ಡಬ್ಬಿಯಲ್ಲಿ ಚಕ್ಕುಲಿ ಒಯ್ದರು. ದೊಡ್ಡಮ್ಮ ಅದರ ತುಂಬ ಅವರೆಕಾಳು ಹಾಕಿ ಕೊಟ್ಟರು. ಮುಂದಿನ ತಿಂಗಳು ಅತ್ತೆ ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ, ಜೊತೆಗೆ ರಸಬಾಳೆಯ ಒಂದು ಚಿಪ್ಪು. ಅದಕ್ಕೆ ಉತ್ತರವಾಗಿ ಅಲ್ಲಿಂದ ಬೆಲ್ಲದ ಅಚ್ಚು, ಹುಣಸೆಹಣ್ಣು. ಡಬ್ಬಿಯಲ್ಲಿ ಹಿಡಿಸದ್ದು ಚೀಲಕ್ಕೆ ಬಂತು, ಒಂದು ಚೀಲ ಮೂರಾಯಿತು. ಸೋಲಲು ಇಬ್ಬರೂ ತಯಾರಿಲ್ಲ. ಆ ಡಬ್ಬಿ ಒಂದು ವರ್ಷ ನಂಜನಗೂಡಿಗೂ ಸೋಮನಾಥಪುರಕ್ಕೂ ಓಡಾಡಿತು, ಒಮ್ಮೆಯೂ ಖಾಲಿ ಓಡಾಡಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ಶೆಡ್ಡಿಗೆ ಹೋಗಿ ನೋಡಿದರೆ ಬಸವ ತಾನಾಗಿಯೇ ಮಂಡಿಯೂರಿ ಕೂತಿದ್ದ. ಮುಂದೆ, ಹಿಂದೆ, ನಾಲ್ಕೂ ಕಡೆ. ಸ್ವಿಚ್ ಒತ್ತಿದರೆ ಏಳಲಿಲ್ಲ. ಕೆಂಪು ದೀಪವೂ ಬಂದಿತ್ತು. ಲಾರಿಯ ಮೇಲೆ ಹೇರಿ ಮೈಸೂರಿಗೆ ಸಾಗಿಸಿದರು. ಮಧ್ಯಾಹ್ನ ನಾನು ಅಂಗಡಿಯಿಂದ ಫೋನ್ ಮಾಡಿ ಏನು ಕೊಟ್ಟ ಎಂದು ಕೇಳಿದೆ. ಊಟ ಹಾಕಿಸುತ್ತಿದ್ದಾನೆ ಎಂದರು.

ಆದದ್ದು ಇಷ್ಟು. ಡಿಕ್ಕಿಯ ತಳದ ಹಲಗೆ ಎತ್ತಿದರೆ ಅಲ್ಲಿ ಹುಲ್ಲಿನಿಂದ ಕಟ್ಟಿದ ಇಲಿಯ ಗೂಡು, ಅದರ ಸುತ್ತ ರಾಶಿ ಕಡಲೆಕಾಯಿ ಸಿಪ್ಪೆ. ತಿಂದು ಮಿಕ್ಕ ಹೊತ್ತಿನಲ್ಲಿ ಇಲಿಗಳು ಗಾಳಿಯ ಪೈಪುಗಳನ್ನು ಕಡಿದಿದ್ದವು. ಸೋರುವ ಪೈಪಿಗೆ ಗಾಳಿ ತುಂಬಿಸಿ ತುಂಬಿಸಿ ಕಂಪ್ರೆಸರ್ ಸುಟ್ಟುಹೋಗಿತ್ತು. ರಬ್ಬರ್ ಚೀಲಗಳಿಗೂ ಮೊದಲೇ ವಯಸ್ಸಾಗಿತ್ತು, ಅವನ್ನೂ ಬದಲಾಯಿಸಬೇಕು. ಮೆಕ್ಯಾನಿಕ್ ಎರಡು ದಾರಿ ಹೇಳಿದ. ಗಾಳಿಯ ಸಾಮಾನು ಹೊಸದಾಗಿ ಹಾಕಿದರೆ ಮೂರು ಹಸುವಿಗಿಂತ ಮೇಲೆ, ಮುಂದೆ ಮತ್ತೆ ಕೈಕೊಡುವುದಿಲ್ಲ ಎಂದು ಮಾತು ಕೊಡಲಾರೆ. ಎಲ್ಲ ಕಿತ್ತೆಸೆದು ಮಾಮೂಲಿ ಸ್ಪ್ರಿಂಗ್ ಹಾಕಿಸಿದರೆ ಒಂದು ಹಸುವಿನೊಳಗೆ ಮುಗಿಯುತ್ತದೆ, ಆಮೇಲೆ ಆ ತೊಂದರೆಯೇ ಇಲ್ಲ. ಆದರೆ ಗಾಡಿ ಇನ್ನು ಮಂಡಿಯೂರುವುದಿಲ್ಲ, ಎತ್ತರದಲ್ಲೇ ನಿಲ್ಲುತ್ತದೆ.

ಕಡಲೆಕಾಯಿ ಎಲ್ಲಿಂದ ಬಂತು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಅಕ್ಕನಿಗೆ ಒಯ್ಯುವುದನ್ನು ಮರೆಯಬಾರದು, ಮನೆಯಲ್ಲಿಟ್ಟರೆ ನಾವು ತಿಂದು ಮುಗಿಸುತ್ತೇವೆ ಎಂದು ಅತ್ತೆ ಹತ್ತು ದಿನ ಮೊದಲೇ ಕಡಲೆಕಾಯಿ ಚೀಲಗಳನ್ನು ಡಿಕ್ಕಿಗೆ ಸೇರಿಸುತ್ತಿದ್ದರು. ಪಕ್ಕದಲ್ಲಿ ಹುಲ್ಲಿನ ಬಣವೆ, ಅದರಲ್ಲಿ ಇಲಿ. ಮಗ ಇಲಿಯ ವಿಷಯ ಹೇಳಿದಾಗ ಅತ್ತೆ ಎಲೆಗೆ ಸುಣ್ಣ ಸವರುತ್ತಿದ್ದವರು ಹಾಗೇ ನಿಲ್ಲಿಸಿದರು. ನನಗೆ ಮೊದಲು ನಗು ಬಂತು. ಇಷ್ಟು ದಿನ ಮಗನ ದುಂದನ್ನು ಹಸುವಿನಲ್ಲಿ ಎಣಿಸಿದವರೇ ಈಗ ಮೂರು ಹಸು ಇಲಿಗೆ ಹಾಕಿದ್ದರು. ಮುಖ ನೋಡಿದ ಮೇಲೆ ನಗು ನಿಂತಿತು. ಈ ಸಲ ಎಷ್ಟು ಹಸು ಎಂದು ಅವರು ಕೇಳಲಿಲ್ಲ. "ಸ್ಪ್ರಿಂಗೇ ಹಾಕ್ಸು ಮಗ. ನಂಗೇನು, ಇಲ್ಲೇ ಇರ್ತೀನಿ" ಎಂದು ಹೇಳಿ ಕೋಲು ತೆಗೆದುಕೊಂಡು ಒಳಗೆ ಹೋದರು.

ಇವರೂ ಸೋತಿದ್ದರು. ಹಳದಿ ದೀಪಕ್ಕೆ ಹೆದರದ ಮನುಷ್ಯ ಈಗ ಸ್ಪ್ರಿಂಗ್ ಹಾಕಿಸಿ ಮಾರಿಬಿಡೋಣ, ನೀನು ಹೇಳಿದ್ದೇ ಸರಿ ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನೀನು ಹೇಳಿದ್ದು ಸರಿ ಎಂದು ಅವರು ಹೇಳಿದ್ದು ಅಪರೂಪ. ಖುಷಿಯಾಗಬೇಕಿತ್ತು. ಯಾಕೋ ಆಗಲಿಲ್ಲ.

ಆ ಭಾನುವಾರ ಎರಡನೇ ಭಾನುವಾರವೇ. ಹೋಗುವುದಿಲ್ಲ ಎಂದು ನಾನು ಹಿಂದಿನ ದಿನವೇ ದೊಡ್ಡಮ್ಮನ ಸೊಸೆಗೆ ಫೋನಿನಲ್ಲಿ ತಿಳಿಸಿದ್ದೆ. ಮಧ್ಯಾಹ್ನ ಅವಳೇ ಫೋನ್ ಮಾಡಿದಳು. "ಅಕ್ಕಾ, ನಮ್ಮತ್ತೆಗೆ ಎಷ್ಟ್ ಯೋಳುದ್ರೂ ಕೇಳ್ತಿಲ್ಲ. ಬೆಳಿಗ್ಗೆಯಿಂದ ಜಗಲಿ ಮ್ಯಾಲೆ ರಸ್ತೆ ನೋಡ್ಕಂಡು ಕೂತವ್ರೆ. ಊಟಕ್ಕೂ ಒಳಕ್ಕೆ ಬತ್ತಿಲ್ಲ" ಎಂದಳು. ಫೋನಿನ ದನಿ ಜೋರು, ಪಕ್ಕದಲ್ಲಿದ್ದ ಅತ್ತೆಗೆ ಕೇಳಿಸಿತು. ಕೈ ಚಾಚಿ ನನ್ನಿಂದ ಫೋನ್ ಇಸಿದುಕೊಂಡರು. ತಂಗಿಗೆ ಜ್ವರ ಎಂದು ಹೇಳು, ಮುಂದಿನ ತಿಂಗಳು ಬರುತ್ತಾಳಂತೆ ಎಂದು ಹೇಳು, ಮೊದಲು ಉಣ್ಣಲು ಎಬ್ಬಿಸು ಎಂದು ಗದರಿದರು. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, ನಡುಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ನಮ್ಮ ಅತ್ತೆ ಹಗಲು ಮಲಗಿದ್ದನ್ನು ನಾನು ನೋಡಿದ್ದು ಆಸ್ಪತ್ರೆಯಲ್ಲಿ ಮಾತ್ರ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಹೇಳಲಾರೆ. ಇಲಿಯ ಮೇಲೆ ಇರಬಹುದು. ನಾನು ಮೂರು ವರ್ಷದಿಂದ ಒಂದು ಚೀಟಿ ಕಟ್ಟುತ್ತಿದ್ದೆ. ಅಡುಗೆಮನೆಗೆ ಗ್ರಾನೈಟ್ ಕಟ್ಟೆ, ಬಾಗಿಲಿನ ಕಪಾಟು, ಹೊಗೆ ಹೀರುವ ಯಂತ್ರ, ಎಲ್ಲದರ ಚಿತ್ರ ಬರೆಸಿ ಇಟ್ಟುಕೊಂಡಿದ್ದೆ. ಕಪಾಟಿಗೆ ಯಾವ ಬಣ್ಣ ಎಂದೂ ಗೊತ್ತುಮಾಡಿದ್ದೆ. ಚೀಟಿ ಆ ತಿಂಗಳು ನನಗೆ ಎದ್ದಿತ್ತು. ಸಂಜೆ ಮೆಕ್ಯಾನಿಕ್‌ಗೆ ನಾನೇ ಫೋನ್ ಮಾಡಿದೆ. ಗಾಳಿಯ ಸಾಮಾನೇ ಹಾಕಿ, ನಾಲ್ಕೂ ಕಡೆ ಹೊಸದು ಹಾಕಿ, ಕಾಫಿ ಬೋಂಡಾ ಏನೂ ಬೇಡ, ನೇರವಾಗಿ ರೇಟು ಹೇಳಿ ಎಂದೆ. ಅವನು ಗಾಬರಿಯಾಗಿ ಮೊದಲ ಸಲ ಫೋನಿನಲ್ಲೇ ರೇಟು ಹೇಳಿದ. ಗಾಡಿ ಮಾರು ಮಾರು ಎಂದು ಪ್ರಾಣ ತಿನ್ನುತ್ತಿದ್ದವಳು ನೀನೇ ಅಲ್ಲವೇ ಎಂದು ಇವರು ಕೇಳಿದರು. ಗಾಡಿ ನಿಮ್ಮದಲ್ಲ, ನಿಮ್ಮಮ್ಮನದು, ಅದನ್ನು ಮಾರಲು ನೀವು ಯಾರು ಎಂದೆ. ಅತ್ತೆಗೆ ಮಾತ್ರ ಚೀಟಿಯ ವಿಷಯ ಹೇಳಕೂಡದೆಂದು ತಾಕೀತು ಮಾಡಿದೆ.

ಸಾಮಾನು ಮುಂಬೈನಿಂದ ಬರಲು ಮೂರು ವಾರ ಹಿಡಿಯಿತು. ಬಸವ ವಾಪಸ್ ಬಂದಾಗ ಅವನಿಗೆ ಶೆಡ್ಡಿನಿಂದ ಗಡೀಪಾರು, ಮನೆ ಮುಂದೆ ತಗಡಿನ ಹೊಸ ಚಪ್ಪರ. ಇಲಿಗೆ ಆಗದೆಂದು ಇವರು ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಕಟ್ಟು ತೂಗುಹಾಕಿದರು. ಎ.ಸಿ. ಹಾಕಿದರೆ ಗಾಡಿಯೊಳಗೆಲ್ಲ ಬೀಡಿ ವಾಸನೆ.

ಮುಂದಿನ ಎರಡನೇ ಭಾನುವಾರ ಗಾಡಿ ಉಸ್ಸೆಂದು ಇಳಿದಾಗ ಅತ್ತೆ ಅದರ ಬಾಗಿಲನ್ನು ಹಸುವಿನ ಕೊರಳು ಸವರಿದಂತೆ ಸವರಿದರು. ಡಿಕ್ಕಿಯಲ್ಲಿ ಕಾಳುಕಡಿಯ ಚೀಲ ಇಡಲು ನಾನು ಬಿಲ್‌ಕುಲ್ ಒಪ್ಪಲಿಲ್ಲ. ಆದರೆ ಡಬ್ಬಿ ಬಿಟ್ಟು ಹೋಗುವುದಕ್ಕೆ ಅತ್ತೆ ಒಪ್ಪಲಿಲ್ಲ. ಹೋದ ಸಲ ಅದು ತುಂಬಿ ಬಂದಿತ್ತು, ಖಾಲಿ ಕೊಡಲಾದೀತೇ? ಕೊನೆಗೆ ಅದರ ತುಂಬ ರವೆ ಉಂಡೆ, ಮುಚ್ಚಳದ ಸುತ್ತ ಟೇಪು, ದಾರಿಯುದ್ದಕ್ಕೂ ಅವರ ಮಡಿಲಲ್ಲೇ.

ದೊಡ್ಡಮ್ಮ ಜಗಲಿಯ ಮೇಲೆ ಕೂತೇ ಇದ್ದರು. ಜ್ವರ ಬಂದವಳು ಇಷ್ಟು ದಪ್ಪ ಆಗುತ್ತಾಳಾ ಎಂದು ಶುರುಮಾಡಿದರು. ಐದು ನಿಮಿಷದ ಜಗಳ ಮುಗಿದ ಮೇಲೆ ಅತ್ತೆ ಅಕ್ಕನ ಬಲಗಿವಿಗೆ ಬಾಯಿಟ್ಟು ನಡೆದದ್ದನ್ನೆಲ್ಲ ಹೇಳಿದರು. ಕಡಲೆಕಾಯಿ, ಇಲಿ, ಪೈಪು, ಮೂರು ಹಸು, ಬೀದಿಗೆಲ್ಲ ಕೇಳಿಸಿತು. ಆಮೇಲೆ ದನಿ ಸ್ವಲ್ಪವೂ ತಗ್ಗಿಸದೆ, ನನ್ನ ಸೊಸೆ ಅಡುಗೆಮನೆ ಕಟ್ಟಿಸೋ ದುಡ್ಡನ್ನೂ ಇದಕ್ಕೇ ಹಾಕವಳೆ, ನನಗೆ ಗೊತ್ತಿಲ್ಲ ಅಂದ್ಕಂಡವಳೆ ಎಂದರು. ನಾನು ಹುರುಳಿಕಟ್ಟಿನ ಸಾರು ಕಲಸುತ್ತಿದ್ದವಳು ತಲೆ ಎತ್ತಲಿಲ್ಲ. ಕಣ್ಣು ತುಂಬಿಕೊಂಡಿತ್ತು. ಖಾರ ಜಾಸ್ತಿಯಾಯಿತಾ ಎಂದು ದೊಡ್ಡಮ್ಮನ ಸೊಸೆ ನೀರು ತಂದಳು.

ಹೊರಡುವ ಹೊತ್ತಿಗೆ ಅತ್ತೆ ಬೆನ್ನು ಕೊಟ್ಟು ಸೀಟಿನಲ್ಲಿ ಕೂತು ಕಾಲು ತಿರುಗಿಸಿದರು. ದೊಡ್ಡಮ್ಮ ನಿಧಾನಕ್ಕೆ ನಡೆದು ಬಂದು ಡಬ್ಬಿಯನ್ನು ತಂಗಿಯ ಮಡಿಲಲ್ಲಿಟ್ಟರು. ಅತ್ತೆ ಅದನ್ನು ಎತ್ತಿ ನೋಡಿ, ಅಲ್ಲಾಡಿಸಿ, ಮುಚ್ಚಳ ತೆಗೆದರು. ಒಳಗೆ ಏನೂ ಇರಲಿಲ್ಲ. ತೊಳೆದು, ಒರೆಸಿ ಇಟ್ಟಿದ್ದ ಬರಿ ಡಬ್ಬಿ.

"ಖಾಲಿನೇ ಕಣೆ" ಎಂದರು ದೊಡ್ಡಮ್ಮ. "ಇನ್ಮ್ಯಾಕೆ ನೀನೂ ಏನೂ ತರ್ಬ್ಯಾಡ, ನಾನೂ ಏನೂ ಕೊಡಕಿಲ್ಲ. ಇಲಿ ಬಂದು ಬಸ್ವ ಕೆಟ್ಟು ಕೂತ್ರೆ ನೀ ಎಂಗ್ ಬತ್ತೀಯ?"

ಅತ್ತೆ ಅಕ್ಕನ ಕೈ ಹಿಡಿದುಕೊಂಡೇ ಇದ್ದರು. ಇವರು ಇಂಜಿನ್ ಹಾಕಿಕೊಂಡು, ಪೆಟ್ರೋಲ್ ಉರಿಯುತ್ತಿದ್ದರೂ ಅವಸರ ಮಾಡಲಿಲ್ಲ. ಗಾಡಿ ಮೇಲೆದ್ದಾಗ ಕೈ ತಾನಾಗಿ ಬಿಟ್ಟಿತು. ನರಸೀಪುರದ ಸೇತುವೆ ಬರುವವರೆಗೂ ಅತ್ತೆ ಡಬ್ಬಿಯ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದರು. ಸೇತುವೆಯ ಮೇಲೆ, ನಮ್ಮಕ್ಕ ಮೊದಲಿಂದಲೂ ಜಿಪುಣಿ ಎಂದು ಹೇಳಿ, ಸೆರಗಿನಿಂದ ಮೂಗು ಒರೆಸಿಕೊಂಡರು.

ನಮ್ಮ ಅಡುಗೆಮನೆಯಲ್ಲಿ ಇನ್ನೂ ಅದೇ ಹಳೆಯ ಕಡಪ ಕಲ್ಲಿನ ಗೂಡು. ಬಸವ ಹೋದ ತಿಂಗಳು ರೇಡಿಯೇಟರಿಗೆಂದು ಮತ್ತೊಂದು ಕರು ತಿಂದಿದ್ದಾನೆ, ಕಪಾಟಿನ ಮಾತನ್ನು ಯಾರೂ ಎತ್ತುತ್ತಿಲ್ಲ. ಗೂಡಿನ ಮೇಲಿನ ಸಾಲಿನಲ್ಲಿ ಆ ಸ್ಟೀಲ್ ಡಬ್ಬಿ ಇದೆ. ಮೊನ್ನೆ ಹುರಿಗಡಲೆ ತುಂಬಿಡಲು ಅದಕ್ಕೆ ಕೈ ಹಾಕಿದೆ. ಅದು ನಮ್ಮಕ್ಕ ಕೊಟ್ಟಿದ್ದು, ಬೇರೆ ಡಬ್ಬಿ ನೋಡಿಕೋ ಎಂದು ಅತ್ತೆ ನಡುಮನೆಯಿಂದಲೇ ಕೂಗಿದರು.